ಕೋಲಾರದ ಹಂಗಿಗೆ ಬಿದ್ದವರು

ಸೇವೆಗೆಂದು ಕಡಲು ದಾಟಿ ಬಂದವರ ಚರಿತ್ರೆಯನ್ನು ನಾವು ಬರೆದುಕೊಂಡಿರುವುದು ಎರಡೇ ಧಾಟಿಯಲ್ಲಿ. ಮನೆಮಠ ಬಿಟ್ಟು ಬಂದರು, ನಮ್ಮ ಭಾಷೆ ಕಲಿತರು, ನಮ್ಮವರ ಗಾಯ ತೊಳೆದರು ಎಂಬ ಕೊಂಡಾಟ ಒಂದು ಕಡೆ. ಬಂದದ್ದೇ ಮತಾಂತರಕ್ಕೆ, ಮಿಕ್ಕಿದ್ದೆಲ್ಲ ನೆಪ ಎಂಬ ದೂರು ಇನ್ನೊಂದು ಕಡೆ. ಸದಾ ಜಗಳವಾಡುವ ಈ ಎರಡು ಧಾಟಿಗಳು ಒಂದು ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದಿವೆ: ಮಾಡಿದವರು ಬಂದವರು, ಮಾಡಿಸಿಕೊಂಡದ್ದು ಊರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸೀಮೆಯಲ್ಲಿ ಕಳೆದ ನೂರೈವತ್ತು ವರ್ಷ ಏನಾಯಿತೆಂದು ನೋಡಿದರೆ ಈ ಒಮ್ಮತ ನಿಲ್ಲುವುದಿಲ್ಲ. ಇಲ್ಲಿಗೆ ಬಂದ ಪರದೇಶದವರಲ್ಲಿ ಕೆಲವರು ನೆಲೆಯೂರಿದರು, ಹಲವರು ಊರಲಿಲ್ಲ. ಈ ವ್ಯತ್ಯಾಸಕ್ಕೆ ಅವರ ತ್ಯಾಗ, ಗುಣ, ಭಕ್ತಿಗಳು ಪೂರ್ತಿ ಕಾರಣವಾಗಲಾರವು. ಊರಿನ ಹಂಗಿಗೆ ಯಾರು ಎಷ್ಟು ಬಿದ್ದರೋ ಅವರು ಅಷ್ಟು ನೆಲೆಯಾದರು. ಊರಿಲ್ಲದೆಯೂ ಬದುಕುವ ಏರ್ಪಾಡು ಮಾಡಿಕೊಂಡು ಬಂದವರು ಎಷ್ಟು ವರ್ಷ ಇದ್ದರೂ ಬಿಡಾರದಲ್ಲೇ ಉಳಿದರು. ಇದು ನನ್ನ ವಾದ.

ಮೊದಲು ನೆಲದ ಮಾತು. ಈ ನಾಲ್ಕು ತಾಲ್ಲೂಕುಗಳು ಹೊರಗಿನವರನ್ನು ಕಂಡು ಬೆಚ್ಚುವ ಜಾಗವಾಗಿ ಯಾವತ್ತೂ ಇರಲಿಲ್ಲ. ಮೈಸೂರು ಸೀಮೆಗೂ ತಮಿಳು, ತೆಲುಗು ಬಯಲಿಗೂ ನಡುವಿನ ದಾರಿ ಇದರ ಮೇಲೇ ಹಾದುಹೋಗಿದೆ. ಮುಳಬಾಗಿಲಿನಲ್ಲಿ ಮಠ ಕಟ್ಟಿ ಬೆಳಗಿದ ಶ್ರೀಪಾದರಾಜರು ಹುಟ್ಟಿದ್ದು ಚನ್ನಪಟ್ಟಣದ ಹತ್ತಿರದ ಅಬ್ಬೂರಿನಲ್ಲಿ. ಮುಳಬಾಗಿಲಿನದೇ ದರ್ಗಾದಲ್ಲಿ ಮಲಗಿರುವ ಬಾಬಾ ಹೈದರ್ ವಲಿ ಕೂಡ ಹೊರಗಿನಿಂದ ಬಂದವರೇ. ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯ ತಮ್ಮ ಮಗನ ಹೆಸರಿಟ್ಟು ಅದನ್ನು ಶ್ರೀನಿವಾಸಪುರ ಮಾಡಿದರು. ಅಲ್ಲಿಯ ಹಳ್ಳಿಗಳಲ್ಲಿ ಇವತ್ತಿಗೂ ಮನೆಯೊಳಗೆ ತೆಲುಗು, ಕಚೇರಿಯಲ್ಲಿ ಕನ್ನಡ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರು ಕನ್ನಡದ ಆಸ್ತಿಯಾದರು. ಒಂದು ಭಾಷೆಯಲ್ಲಿ ಹುಟ್ಟಿ, ಇನ್ನೊಂದರಲ್ಲಿ ವ್ಯಾಪಾರ ಮಾಡಿ, ಮತ್ತೊಂದರಲ್ಲಿ ಅರ್ಜಿ ಬರೆಯುವ ಜನಕ್ಕೆ, ಕನ್ನಡವನ್ನು ತಡವರಿಸಿ ಮಾತಾಡುವ ಬಿಳಿಯ ಹೆಂಗಸೊಬ್ಬಳು ಅಷ್ಟೇನೂ ವಿಚಿತ್ರವಾಗಿ ಕಂಡಿರಲಾರಳು. ಹಕ್ಕಿಗಳ ವಿಷಯದಲ್ಲೂ ಇದೇ ಧಾರಾಳತನ: ಇಪ್ಪತ್ತನೆಯ ಶತಮಾನದ ಆರಂಭದ ಗೆಜೆಟಿಯರ್ ಕೋಲಾರ ಪಟ್ಟಣದ ಬಗ್ಗೆ ಹೇಳುವಾಗ, ಇಲ್ಲಿ ಟರ್ಕಿ ಕೋಳಿಗಳನ್ನು ಸಾಕಿ ಬೆಂಗಳೂರು ಮುಂತಾದ ಕಡೆಗೆ ಕಳಿಸುತ್ತಾರೆಂದು ಬರೆಯುತ್ತದೆ. ಅಮೆರಿಕದ ಆ ಹಕ್ಕಿ ಇಲ್ಲಿ ಒಗ್ಗಿಕೊಂಡದ್ದು ಅಮೆರಿಕದ ಮಿಷನ್ನಿಗಿಂತ ಮೊದಲೋ ಆಮೇಲೋ ಎಂಬುದನ್ನು ಯಾರಾದರೂ ಹುಡುಕಿ ಬರೆದರೆ ಓದಲು ಚೆನ್ನಾಗಿರುತ್ತದೆ.

ಕಥೆ ಶುರುವಾಗುವುದು ಬರದಿಂದ. 1876ರಿಂದ 1878ರವರೆಗಿನ ಆ ಕಾಲವನ್ನು ನಮ್ಮ ಹಿರಿಯರು ಸಂವತ್ಸರದ ಹೆಸರು ಹಿಡಿದು ಧಾತು ಈಶ್ವರದ ಬರ ಎಂದು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿತ್ತು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಯನ್ನೇ ನಂಬಿದ ಕೋಲಾರ ಜಿಲ್ಲೆಯ ಪಾಡು ಇನ್ನೂ ಕಷ್ಟದ್ದು: ಮಳೆ ಕೈಕೊಟ್ಟರೆ ಒಂದರ ಕೋಡಿಯಿಂದ ಇನ್ನೊಂದಕ್ಕೆ ನೀರು ಇಳಿಯುವ ಸರಪಳಿಯ ಕೆರೆಗಳು ಸಾಲಾಗಿ ಒಣಗುತ್ತವೆ. ಈ ಹೊತ್ತಿನಲ್ಲಿ ಕೋಲಾರದಲ್ಲಿ ಅನಾಥ ಮಕ್ಕಳಿಗೆ ಆಶ್ರಯ ತೆರೆದವರು ಇಂಗ್ಲೆಂಡಿನಿಂದ ಬಂದಿದ್ದ ಮಿಸ್ ಆನ್‌ಸ್ಟಿ. ದೊಡ್ಡ ಸಂಸ್ಥೆಯೊಂದರ ಖಜಾನೆ ಬೆನ್ನಿಗಿಲ್ಲದೆ, ಬಂದ ದೇಣಿಗೆಯ ಮೇಲೆ ನಡೆದ ಕೆಲಸ ಅದು. ನೂರಾರು ಮಕ್ಕಳಿಗೆ ದಿನಾ ಮುದ್ದೆ ತಿರುವುವವರು, ನೀರು ಹೊರುವವರು, ಜ್ವರ ಬಂದ ಮಗುವಿನ ಪಕ್ಕ ಕೂರುವವರು, ಯಾವ ಹಳ್ಳಿಯ ಯಾವ ಕುಲದ ಕೂಸು ಇದು ಎಂದು ಗುರುತು ಹೇಳುವವರು ಊರಿನವರೇ ಆಗಿರಬೇಕಿತ್ತು. ಹಣವಿದ್ದಿದ್ದರೆ ಇವರನ್ನೆಲ್ಲ ಮದ್ರಾಸಿನಿಂದಲೋ ಬೆಂಗಳೂರಿನಿಂದಲೋ ತರಿಸಬಹುದಿತ್ತೇನೋ. ಹಣವಿಲ್ಲದ್ದೇ ಆಕೆಯನ್ನು ಊರಿಗೆ ಕಟ್ಟಿಹಾಕಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಹಸಿದ ಮಗುವಿಗೆ ಆಯ್ಕೆ ಎಲ್ಲಿತ್ತು? ತಂದೆ ತಾಯಿ ಸತ್ತ ಕೂಸು ಅನ್ನದ ಜೊತೆಗೆ ಹೊಸ ಹೆಸರು, ಹೊಸ ದೇವರು ಎರಡನ್ನೂ ಪಡೆದುಕೊಂಡಿತು. ಬೇಡ ಎನ್ನುವ ವಯಸ್ಸಾಗಲಿ ಬಲವಾಗಲಿ ಅದಕ್ಕಿರಲಿಲ್ಲ. ಊರು ಬಂದವರನ್ನು ಬರಮಾಡಿಕೊಂಡಿತು ಎಂದು ಹೇಳುವವರು ಈ ಮಕ್ಕಳನ್ನು ಊರು ಎಂದು ಎಣಿಸಿದ್ದಾರೆಯೇ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಬರಗಾಲದ ಅನಾಥಾಲಯಗಳಲ್ಲಿ ನಡೆದ ದೀಕ್ಷೆಗಳನ್ನು ಸ್ವಇಚ್ಛೆಯ ಮತಾಂತರ ಎಂದು ಕರೆಯುವುದು ಮಾತಿನ ಮೋಸ. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವ ಬದಲು ಬಿಗಿ ಮಾಡುತ್ತದೆ ಎನಿಸುತ್ತದೆ. ಆ ಮಕ್ಕಳೇ ಬೆಳೆದು ಬಡಗಿಗಳಾದರು, ಉಪಾಧ್ಯಾಯಿನಿಯರಾದರು, ಮನೆಮನೆಗೆ ಹೋಗುವ ಬೈಬಲ್ ವುಮನ್‌ಗಳಾದರು. ಪರದೇಶದ ಹೆಂಗಸಿಗೆ ಈ ಸೀಮೆಯ ಮನೆಬಾಗಿಲು ತೆರೆಸಿದವರು ಅವರು. ಯಾರಿಗೆ ಆಯ್ಕೆಯೇ ಇರಲಿಲ್ಲವೋ ಅವರ ಹೆಗಲ ಮೇಲೆ ಬಂದವರ ನೆಲೆ ನಿಂತಿತ್ತು. ಮಿಷನ್ನಿನ ವರದಿಗಳಲ್ಲಿ ಇಂಥವರ ಹೆಸರು ಅಪರೂಪ, ಬಂದವರ ಹೆಸರು ಸಾಲುಸಾಲು. ಹಂಗು ಯಾರದು ಯಾರಿಗೆ ಎಂಬ ಲೆಕ್ಕ ತಲೆಕೆಳಗಾದದ್ದು ಇಲ್ಲಿಯೇ.

1890ರಲ್ಲಿ ಆನ್‌ಸ್ಟಿ ತಮ್ಮ ಕೆಲಸವನ್ನು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ವಹಿಸಿಕೊಟ್ಟರು. ಆಮೇಲೆ ಬಂದವರಲ್ಲಿ ಒಂಟಿ ಹೆಂಗಸರೇ ಮುಖ್ಯ. ಅವರನ್ನು ಕಳಿಸುತ್ತಿದ್ದದ್ದು 1869ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಹೆಂಗಸರದೇ ಒಂದು ಸಂಘ. ಅದರ ಮೊದಲ ಇಬ್ಬರು, ಇಸಾಬೆಲಾ ಥೋಬರ್ನ್ ಮತ್ತು ವೈದ್ಯೆ ಕ್ಲಾರಾ ಸ್ವೇನ್, 1870ರಲ್ಲಿ ಬರೇಲಿಗೆ ಬಂದಿಳಿದಿದ್ದರು. ಕೋಲಾರಕ್ಕೆ ಬರುವವರು ಬೌರಿಂಗ್‌ಪೇಟೆಯಲ್ಲಿ ರೈಲಿಳಿಯಬೇಕಿತ್ತು. ಬೆಂಗಳೂರಿನ ಕಡೆಗೆ 1864ರಲ್ಲೇ ಬಂದ ರೈಲು ಮಾಲೂರನ್ನು ಮುಟ್ಟಿತ್ತು, ಜಿಲ್ಲೆಯ ತಲೆಪಟ್ಟಣವನ್ನು ಬಿಟ್ಟುಬಿಟ್ಟಿತ್ತು. ಕೋಲಾರಕ್ಕೆ ಕಿರಿದಾರಿಯ ರೈಲು ಬಂದದ್ದು 1913ರಲ್ಲಿ; ಅಲ್ಲಿಯವರೆಗೆ ಕೊನೆಯ ಹತ್ತು ಮೈಲಿ ಜಟಕಾ ಇಲ್ಲವೇ ಎತ್ತಿನ ಗಾಡಿ. ಇಳಿದ ಮೇಲೆ ಮೊದಲ ಒಂದೆರಡು ವರ್ಷ ಮುನ್ಷಿಯ ಮುಂದೆ ಕೂತು ಭಾಷೆ ಕಲಿಯುವುದು ಆ ಕಾಲದ ಮಿಷನ್ನುಗಳ ಪದ್ಧತಿ, ಪರೀಕ್ಷೆ ಪಾಸಾಗಬೇಕೆಂಬ ಕಟ್ಟಳೆಯೂ ಇತ್ತು. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾಗಿ ಹೊರಬಂದಿತ್ತು. ಆದರೆ ಅದನ್ನು ಬಾಯಿಪಾಠ ಮಾಡಿಕೊಂಡರೂ ಮುಳಬಾಗಿಲಿನ ಆಚೆಯ ಹಳ್ಳಿಯಲ್ಲಿ ಹೊಟ್ಟೆನೋವು ಎಲ್ಲಿ ಎಂದು ಕೇಳಿದರೆ ಉತ್ತರ ತೆಲುಗಿನಲ್ಲಿ ಬರುತ್ತಿತ್ತು. ಸಂತೆಗೆ ಬಂದ ವ್ಯಾಪಾರಿಯ ತಮಿಳು, ಪೇಟೆಯ ಮುಸಲ್ಮಾನ ಹೆಂಗಸರ ಉರ್ದು ಬೇರೆ. ಪರೀಕ್ಷೆಯಲ್ಲಿ ಪಾಸಾದ ಕನ್ನಡ ಬೇಕಾಗುತ್ತಿತ್ತು, ಸಾಲುತ್ತಿರಲಿಲ್ಲ. ಪಕ್ಕದಲ್ಲಿ ಸದಾ ಊರಿನ ಹೆಂಗಸೊಬ್ಬಳು ನಿಲ್ಲಬೇಕಿತ್ತು. ಅವಳು ಹೇಳಿದ್ದೇ ಮಿಸ್ಸಮ್ಮನ ಕಿವಿಗೆ ಬಿದ್ದ ಊರು.

ಈ ಅವಲಂಬನೆ ಗಟ್ಟಿಯಾದದ್ದು ಆಸ್ಪತ್ರೆಯಿಂದ. ಕೋಲಾರದ ಜನ ಇಟಿಸಿಎಂ ಎಂದೋ ಮಿಷನ್ ಆಸ್ಪತ್ರೆ ಎಂದೋ ಕರೆಯುವ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ ಶುರುವಾದದ್ದು 1910ರಲ್ಲಿ. ಹೆಸರಿನ ಎಲೆನ್ ಬರೇಲಿಗೆ ಬಂದ ಇಸಾಬೆಲಾಳ ಸೋದರಿ, ಅಮೆರಿಕದ ಒಹಾಯೊದಲ್ಲಿ ಆ ಹೆಂಗಸರ ಸಂಘಕ್ಕಾಗಿ ದುಡಿದವಳು. ಕಟ್ಟಡದ ಮೇಲೆ ಉಳಿದದ್ದು ದೂರದಲ್ಲಿದ್ದವಳ ಹೆಸರು; ಗಾರೆ ಕಲಸಿದವರ, ಬಾಣಂತಿಯ ಬಟ್ಟೆ ಒಗೆದವರ ಹೆಸರು ಎಲ್ಲೂ ಇಲ್ಲ. ಹೆಂಗಸರಿಗೆಂದೇ ಹೆಂಗಸರ ಆಸ್ಪತ್ರೆ ಆಗ ಯಾಕೆ ಬೇಕಿತ್ತು ಎನ್ನುವುದು ಊಹೆಗೆ ಮೀರಿದ್ದೇನಲ್ಲ. ಗೋಷಾದ ಮನೆಗಳವರಾಗಲಿ ಮಡಿಯ ಮನೆಗಳವರಾಗಲಿ ಹೆರಿಗೆಯ ಹೊತ್ತಿನಲ್ಲಿ ಗಂಡು ಡಾಕ್ಟರನ್ನು ಒಳಗೆ ಬಿಡುತ್ತಿರಲಿಲ್ಲ. 1885ರಲ್ಲಿ ಲೇಡಿ ಡಫರಿನ್ ಹೆಸರಿನ ನಿಧಿ ಹುಟ್ಟಿದ್ದು ಇದೇ ಕಾರಣಕ್ಕೆ. ಬೆಂಗಳೂರಿನ ವಾಣಿವಿಲಾಸ ಹೆರಿಗೆ ಆಸ್ಪತ್ರೆಯೂ ಬಾಗಿಲು ತೆರೆದದ್ದು 1935ರಲ್ಲಿ. ಊರಿಗೆ ಒಂದು ಕೊರತೆಯಿತ್ತು, ಆ ಕೊರತೆಯ ಅಳತೆಗೆ ಸರಿಯಾಗಿ ಬಂದವರಿಗೆ ಜಾಗ ಸಿಕ್ಕಿತು. ಹಾಗೆಂದು ಜನ ಓಡೋಡಿ ಬಂದರು ಎಂದುಕೊಳ್ಳಬಾರದು. ಸೂಲಗಿತ್ತಿಯ ಕೈ ಸೋತ ಮೇಲೆ, ಹರಕೆ ಮುಗಿದ ಮೇಲೆ, ಗಾಡಿ ಕಟ್ಟಿ ಕರೆತರುವುದೇ ರೂಢಿ. ಬಂದವರೂ ಒಬ್ಬಳೇ ರೋಗಿಯಾಗಿ ಬರುತ್ತಿರಲಿಲ್ಲ. ಅತ್ತೆ, ತಾಯಿ, ಕೂಸು, ಪಾತ್ರೆ, ಸೌದೆ ಸಮೇತ ಸಂಸಾರವೇ ಬರುತ್ತಿತ್ತು. ಇನ್ನೊಬ್ಬರು ಮಾಡಿದ ಅಡುಗೆಯನ್ನು ಮುಟ್ಟದವರಿಗೆ ಅಂಗಳದಲ್ಲೇ ಒಲೆ ಹೂಡಲು ಬಿಡದಿದ್ದರೆ ನಮ್ಮ ನಾಡಿನ ಯಾವ ಮಿಷನ್ ಆಸ್ಪತ್ರೆಯೂ ತುಂಬುತ್ತಿರಲಿಲ್ಲ. ಪಶ್ಚಿಮದ ವಾರ್ಡಿನ ಶಿಸ್ತು ಕಲಿತು ಬಂದ ಡಾಕ್ಟರಮ್ಮ ಇಲ್ಲಿ ಮಣಿಯಬೇಕಾಯಿತು. ಈ ಮಣಿತಕ್ಕೆ ಯಾವ ವರದಿಯಲ್ಲೂ ಪ್ರತ್ಯೇಕ ಅಧ್ಯಾಯವಿಲ್ಲದಿದ್ದರೂ ಆಕೆ ಊರಿನವಳಾದದ್ದು ಇದರಿಂದ.

ಇದಕ್ಕೆ ಎದುರು ನಿಲ್ಲಿಸಿ ನೋಡಬೇಕಾದ್ದು ಅದೇ ಜಿಲ್ಲೆಯ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಮೇಲೆ ಕೋಲಾರ ಗೋಲ್ಡ್ ಫೀಲ್ಡ್ಸ್‌ಗೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿ ಕೆಲಸ ಬಲ್ಲವರು ತಂಡತಂಡವಾಗಿ ಬಂದರು. 1901ರಲ್ಲಿ ಕೋಲಾರ ಪಟ್ಟಣದ ಜನ ಹನ್ನೆರಡು ಸಾವಿರ ಚಿಲ್ಲರೆ, ಗಣಿಯ ಊರಿನಲ್ಲಿ ಮೂವತ್ತೆಂಟು ಸಾವಿರ. 1894ರಲ್ಲಿ ಅಲ್ಲಿಗೆ ರೈಲು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು, ಬೇತಮಂಗಲದ ಕೆರೆಯಿಂದ ಕೊಳಾಯಿ ನೀರು. ಕ್ಲಬ್ಬು, ಗಾಲ್ಫ್ ಮೈದಾನ, ತಮ್ಮದೇ ಚರ್ಚು, ತಮ್ಮದೇ ಆಸ್ಪತ್ರೆ. ನೆಲೆಯೂರಲು ಬೇಕೆಂದು ನಾವು ಸಾಮಾನ್ಯವಾಗಿ ಎಣಿಸುವ ಎಲ್ಲವೂ ಅವರಿಗಿತ್ತು, ಮಿಷನ್ನಿನ ಒಂಟಿ ಹೆಂಗಸರಿಗೆ ಅದರಲ್ಲಿ ಕಾಲುಪಾಲೂ ಇರಲಿಲ್ಲ. ಆದರೂ ಗಣಿಯ ದೊರೆಗಳು ಆ ನೆಲಕ್ಕೆ ಅಂಟಲಿಲ್ಲ. ಕೆಳಗಿನ ಸುರಂಗದಲ್ಲಿ ಜೀವ ಒತ್ತೆಯಿಟ್ಟು ದುಡಿದ ತಮಿಳು, ತೆಲುಗು ಕೂಲಿಗಳ ಮೇಲೆ ಅವರ ಲಾಭವೆಲ್ಲ ನಿಂತಿತ್ತು ನಿಜ. ಆದರೆ ಆ ಅವಲಂಬನೆಗೂ ಅವರಿಗೂ ನಡುವೆ ಮೇಸ್ತ್ರಿ, ಹಾಜರಿ ಪುಸ್ತಕ, ಕಂಪನಿಯ ಕಾವಲು ನಿಂತಿದ್ದವು. ಕೂಲಿಯವನ ಮಾತು ತಿಳಿಯದಿದ್ದರೂ ಕೆಲಸ ನಿಲ್ಲುತ್ತಿರಲಿಲ್ಲ. 1956ರಲ್ಲಿ ಗಣಿಗಳು ಸರ್ಕಾರದ ವಶವಾದ ಮೇಲೆ ಅವರು ಹೊರಟುಹೋದರು. 2001ರಲ್ಲಿ ಗಣಿ ಮುಚ್ಚಿದಾಗ ಆ ಊರಿನ ಕಷ್ಟ ಹೊತ್ತವರು ಕೂಲಿಗಳ ಮೊಮ್ಮಕ್ಕಳು. ಮಾಲೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯ ವೈಟ್‌ಫೀಲ್ಡ್ ಕೂಡ ಇಂಥದೇ ಇನ್ನೊಂದು ಉದಾಹರಣೆ. 1882ರಲ್ಲಿ ಚಾಮರಾಜ ಒಡೆಯರು ಯುರೇಷ್ಯನ್ ಸಂಘಕ್ಕೆ ಕೊಟ್ಟ ನೆಲದಲ್ಲಿ ನಕ್ಷೆ ಹಾಕಿ ಕಟ್ಟಿದ ವಸತಿ ಅದು. ಸುತ್ತಲ ಹಳ್ಳಿಗಳೊಂದಿಗೆ ಕೊಡುಕೊಳ್ಳುವಿಕೆಯಿಲ್ಲದೆ ನೂರು ವರ್ಷ ಸಣ್ಣದಾಗಿಯೇ ಉಳಿಯಿತು. ಅದು ಬೆಳೆದದ್ದು ಕಂಪ್ಯೂಟರ್ ಕಂಪನಿಗಳು ಬಂದ ಮೇಲೆ, ಬೇರೆಯದೇ ಊರಾಗಿ.

ಮಿಷನ್ನಿನವರಿಗೂ ಕಾಂಪೌಂಡ್ ಗೋಡೆ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಬಂಗಲೆ, ಬಟ್ಲರ್, ಆಯಾ ಎಲ್ಲವೂ ಇದ್ದವು. ಬೇಸಿಗೆ ಬಂದರೆ ಕೊಡೈಕೆನಾಲಿನ ದಾರಿ ಹಿಡಿಯುವುದು ದಕ್ಷಿಣ ಭಾರತದ ಮಿಷನರಿಗಳ ವಾಡಿಕೆಯಾಗಿತ್ತು. ಅವರ ಮಕ್ಕಳಿಗಾಗಿಯೇ 1901ರಲ್ಲಿ ಅಲ್ಲೊಂದು ಶಾಲೆ ಹುಟ್ಟಿತು. ಕೆಲವು ವರ್ಷಕ್ಕೊಮ್ಮೆ ದೀರ್ಘ ರಜೆಯ ಮೇಲೆ ಸ್ವದೇಶಕ್ಕೆ ಹೋಗಿಬರುತ್ತಿದ್ದರು. ಹೀಗಿರುವಾಗ ಗಣಿಯ ದೊರೆಗೂ ಇವರಿಗೂ ಏನು ವ್ಯತ್ಯಾಸ? ವ್ಯತ್ಯಾಸ ಗೋಡೆಯ ಎತ್ತರದ್ದಲ್ಲ, ಯಾರು ಅದನ್ನು ದಾಟುತ್ತಿದ್ದರು ಎಂಬುದರದು. ಕ್ಲಬ್ಬಿನ ಗೇಟಿನೊಳಕ್ಕೆ ಕೂಲಿಯವನ ಹೆಂಡತಿ ರಾತ್ರಿ ಹನ್ನೆರಡಕ್ಕೆ ನುಗ್ಗುವಂತಿರಲಿಲ್ಲ. ಆಸ್ಪತ್ರೆಯ ಗೇಟಿನೊಳಕ್ಕೆ ನುಗ್ಗಲೇಬೇಕಿತ್ತು. ನುಗ್ಗಿದವರನ್ನು ಹೊರಗಟ್ಟಿದ್ದರೆ ಆಸ್ಪತ್ರೆಗೇ ಅರ್ಥವಿರುತ್ತಿರಲಿಲ್ಲ. ಇನ್ನೂ ಒಂದು ಮಾತಿದೆ. ಪರದೇಶದಿಂದ ಎಷ್ಟು ದಾದಿಯರನ್ನು ತರಿಸಲಾದೀತು? ಊರಿನ ಹುಡುಗಿಯರಿಗೆ ಕಲಿಸದೆ ಗತಿಯಿರಲಿಲ್ಲ. ಮೈಲಿಗೆಯ ಕೆಲಸ ಎಂದು ದೊಡ್ಡ ಜಾತಿಗಳು ಮೂಗು ಮುರಿಯುತ್ತಿದ್ದ ಆ ವೃತ್ತಿಗೆ ಮೊದಲು ಬಂದವರಲ್ಲಿ ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳೇ ಹೆಚ್ಚು. ಧಾತು ಈಶ್ವರದ ಮಕ್ಕಳಿಗೆ ಇಲ್ಲದ ಆಯ್ಕೆ ಅವರ ಮುಂದಿನ ತಲೆಮಾರಿಗೆ ಸಂಬಳದ ರೂಪದಲ್ಲಿ ಅಷ್ಟಿಷ್ಟು ಸಿಕ್ಕಿತು.

ಇವರ ಬೆನ್ನಿಗೆ ಸಾಮ್ರಾಜ್ಯವಿತ್ತು, ಆದ್ದರಿಂದ ಹಂಗಿನ ಮಾತೆಲ್ಲ ಬೂಟಾಟಿಕೆ ಎನ್ನುವವರಿದ್ದಾರೆ. ಅರ್ಧ ಸರಿ. ಬಿಳಿಯ ಚರ್ಮಕ್ಕೆ ಕಚೇರಿಯಲ್ಲಿ ಕುರ್ಚಿ ಸಿಗುತ್ತಿದ್ದ ಕಾಲ ಅದು. ಅಮೆರಿಕದವಳೋ ಇಂಗ್ಲೆಂಡಿನವಳೋ ಎಂದು ಅಮಲ್ದಾರ ಕೇಳುತ್ತಿರಲಿಲ್ಲ. ಆದರೆ 1881ರಲ್ಲಿ ಆಳ್ವಿಕೆ ಒಡೆಯರಿಗೆ ಮರಳಿದ ಮೇಲೆ ಶಾಲೆಗೆ ಸಹಾಯಧನ ಬೇಕೆಂದರೆ ಮೈಸೂರಿನ ದಿವಾನರ ಸರ್ಕಾರದ ಮುಂದೆಯೇ ಹೋಗಬೇಕಿತ್ತು. ಅಧಿಕಾರದ ಹತ್ತಿರ ಇದ್ದದ್ದರಿಂದಲೇ ನೆಲೆ ಸಿಗುವುದಾದರೆ ಅತಿ ಹತ್ತಿರ ಇದ್ದವರು, ಅಂದರೆ ಗಣಿಯವರು, ಎಲ್ಲರಿಗಿಂತ ಆಳವಾಗಿ ಬೇರೂರಬೇಕಿತ್ತು. ಗಡಿಯಾಚೆಯ ಮದನಪಲ್ಲಿಯನ್ನು ನೋಡಿದರೂ ಇದೇ ತೋರುತ್ತದೆ. ಶ್ರೀನಿವಾಸಪುರಕ್ಕೆ ಅದು ನೆರೆಯ ಪೇಟೆ. ಅಲ್ಲಿಯ ಆರೋಗ್ಯವರಂ ಕ್ಷಯದ ಆಸ್ಪತ್ರೆಯನ್ನು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಕಟ್ಟಿ ನಡೆಸಿದ ಫ್ರಿಮಟ್ ಮೋಲರ್ ಡೆನ್ಮಾರ್ಕಿನವರು. ಅವರ ದೇಶಕ್ಕೆ ಆಗ ಇಲ್ಲಿ ಒಂದು ಗೇಣು ನೆಲವೂ ಇರಲಿಲ್ಲ. ಕ್ಷಯದ ರೋಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವವನು, ಡಾಕ್ಟರು ಅವನೊಂದಿಗೆ ಬದುಕಲೇಬೇಕು. ಆನಿ ಬೆಸೆಂಟ್ ಕರೆಯ ಮೇರೆಗೆ ಭಾರತಕ್ಕೆ ಬಂದು ಅದೇ ಮದನಪಲ್ಲಿಯ ಥಿಯಾಸಫಿಕಲ್ ಕಾಲೇಜು ಸೇರಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್, 1924ರಲ್ಲಿ ಮೈಸೂರಿನಲ್ಲಿ ತಮ್ಮ ಇಂಗ್ಲಿಷ್ ಕವಿತೆ ತೋರಿಸಿದ ಮುಂದೆ ಕುವೆಂಪು ಆದ ಯುವಕ ಪುಟ್ಟಪ್ಪನವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದದ್ದು ನಮಗೆಲ್ಲ ಗೊತ್ತು. ತನ್ನ ನಾಡಿನ ಭಾಷೆ ಸಾಮ್ರಾಜ್ಯದ ಕೈಯಲ್ಲಿ ಸವೆದದ್ದನ್ನು ಕಂಡ ಐರ್ಲೆಂಡಿನವನು ಹೇಳಬಹುದಾದ ಮಾತು ಅದು.

ಸ್ವಾತಂತ್ರ್ಯದ ಬಳಿಕ ಬಂದವರ ಬಗೆ ಬದಲಾಯಿತು. ಬ್ರಿಟನ್ನಿನ ವಿಎಸ್‌ಒ 1958ರಲ್ಲಿ, ಅಮೆರಿಕದ ಪೀಸ್ ಕೋರ್ 1961ರಲ್ಲಿ ಹುಟ್ಟಿದವು; ಎರಡೂ ಸ್ವಯಂಸೇವಕರನ್ನು ಪರದೇಶಕ್ಕೆ ಕಳಿಸುವ ಸಂಸ್ಥೆಗಳು. ಪೀಸ್ ಕೋರ್‌ನ ಮೊದಲ ತಂಡ ಅದೇ ವರ್ಷದ ಕೊನೆಯಲ್ಲಿ ಪಂಜಾಬಿಗೆ ಬಂತು. ಮುಂದೆ ಮೈಸೂರು ರಾಜ್ಯದಲ್ಲೂ ಅದರ ಯುವಕ ಯುವತಿಯರು ಕೋಳಿ ಸಾಕಣೆ, ಪೌಷ್ಟಿಕ ಆಹಾರದಂಥ ಕೆಲಸ ಮಾಡಿದರು. 1976ಕ್ಕೆ ಭಾರತದಲ್ಲಿ ಅದರ ಅಧ್ಯಾಯ ಮುಗಿಯಿತು. ಇವರ ಕೈಯಲ್ಲಿ ಬೈಬಲ್ ಇರಲಿಲ್ಲ, ಬಂಗಲೆ ಇರಲಿಲ್ಲ, ಬಾಡಿಗೆ ಕೋಣೆಯಲ್ಲಿದ್ದು ಸೈಕಲ್ ತುಳಿದರು. ಹಳೆಯ ಮಿಷನರಿಗಿಂತ ಇವರು ಊರಿಗೆ ಹತ್ತಿರ ಎನಿಸುವುದು ಸಹಜ. ನನಗೆ ಹಾಗೆ ತೋರುವುದಿಲ್ಲ. ಅವರ ಅವಧಿ ಎರಡು ವರ್ಷ. ಮೊದಲ ವರ್ಷ ನೀರು, ಹೊಟ್ಟೆ, ಭಾಷೆಗಳಿಗೆ ಒಗ್ಗುವುದರಲ್ಲಿ ಕಳೆದರೆ ಎರಡನೆಯದರ ಕೊನೆಗೆ ವಾಪಸು ಟಿಕೆಟ್ಟು. ಕೋಳಿಗೆ ರೋಗ ಬಂದು ಸತ್ತರೆ ಸಾಲ ಮಾಡಿದವನು ರೈತ, ಅದನ್ನು ತೀರಿಸುವ ಹೊತ್ತಿಗೆ ಸಲಹೆ ಕೊಟ್ಟವನು ಇಲ್ಲ. ಊರಿನ ಹಂಗಿಗೆ ಬೀಳಲು ತಪ್ಪು ಮಾಡಿ, ಬೈಸಿಕೊಂಡು, ಮತ್ತೆ ಅದೇ ಬೀದಿಯಲ್ಲಿ ನಡೆಯುವಷ್ಟು ಕಾಲ ಬೇಕು.

ಇದಕ್ಕೆ ಉತ್ತರವಾಗಿ, ಜನ ನೆಲೆಯೂರದಿದ್ದರೇನು, ಕೆಲಸ ನೆಲೆಯೂರಿದರೆ ಸಾಲದೇ ಎಂದು ಕೇಳುವುದು ನ್ಯಾಯವೇ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರುಮಾಡಿದ ಹೆಂಚಿನ ಕಸುಬು ಅವರು ಹೋದ ಮೇಲೂ ನಿಂತಿತು. ಮಾಲೂರಿನ ಸುತ್ತ ಇಟ್ಟಿಗೆ, ಹೆಂಚು ಸುಡುವವರು ಆ ಸ್ವಿಸ್, ಜರ್ಮನ್ ಪಾದ್ರಿಗಳ ಹೆಸರನ್ನೂ ಕೇಳಿರಲಿಕ್ಕಿಲ್ಲ. ಆದರೆ ಹೆಂಚು ಹೆಂಚೇ. ಹೆರಿಗೆ, ಜ್ವರ, ಓದು ಇವು ಅಚ್ಚಿನಿಂದ ಬರುವಂಥವಲ್ಲ. ಕೋಲಾರದ ಆಸ್ಪತ್ರೆ ಉಳಿದಿದ್ದರೆ ಅದಕ್ಕೆ ಕಾರಣ ಅಲ್ಲಿಯೇ ಕಲಿತ ದಾದಿಯರು, ಇಲ್ಲಿಯವರೇ ಆದ ಡಾಕ್ಟರುಗಳು. 1981ರಲ್ಲಿ ಭಾರತದ ಮೆಥೋಡಿಸ್ಟ್ ಚರ್ಚು ಅಮೆರಿಕದ ಹಿಡಿತದಿಂದ ಸ್ವತಂತ್ರವಾಗುವ ಎಷ್ಟೋ ಮೊದಲೇ ವಾರ್ಡುಗಳಲ್ಲಿ ಅಧಿಕಾರ ಕೈ ಬದಲಾಗಿತ್ತು. ಟಮಕದಲ್ಲಿ 1986ರಲ್ಲಿ ದೇವರಾಜ ಅರಸು ಹೆಸರಿನ ಮೆಡಿಕಲ್ ಕಾಲೇಜು ಬಂದ ಮೇಲಂತೂ ಕೋಲಾರಕ್ಕೆ ಹೊರಗಿನ ಡಾಕ್ಟರಮ್ಮ ಬೇಕೆಂಬ ಮಾತೇ ಮುಗಿಯಿತು.

ಈಗ ಪ್ರಯಾಣ ತಿರುವುಮುರುವಾಗಿದೆ. ನಮ್ಮ ಜಿಲ್ಲೆಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿದ ಹುಡುಗಿಯರು ಕೊಲ್ಲಿ ದೇಶಗಳಿಗೆ, ಬ್ರಿಟನ್ನಿಗೆ ಹೋಗುತ್ತಿದ್ದಾರೆ. ಅವರನ್ನು ಸ್ವಯಂಸೇವಕರು ಎಂದು ಯಾರೂ ಕರೆಯುವುದಿಲ್ಲ, ಸಂಬಳಕ್ಕೆ ಹೋದವರು ಎನ್ನುತ್ತೇವೆ. ಮಿಷನ್ನಿನ ಹೆಂಗಸರಿಗೂ ಸಂಘದಿಂದ ಜೀವನಭತ್ಯೆ ಬರುತ್ತಿತ್ತು ಎಂಬುದನ್ನು ಮರೆತು. ಬ್ರಿಟನ್ನಿನಲ್ಲಿ ನೋಂದಣಿಯಾಗಲು ಅವರು ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಯನ್ನು ಸಾಮಾನ್ಯವಾಗಿ ಪಾಸಾಗಬೇಕು, ಮುನ್ಷಿಯ ಪರೀಕ್ಷೆ ಅಂದು ಹೇಗೋ ಹಾಗೆ. ಪಾಸಾಗಿ ಹೋದ ಮೇಲೆ ವಾರ್ಡಿನಲ್ಲಿ ಕೇಳುವ ಇಂಗ್ಲಿಷು ಪರೀಕ್ಷೆಯ ಇಂಗ್ಲಿಷಲ್ಲ. ಹಲ್ಲಿಲ್ಲದ ಮುದುಕರು ತಮ್ಮ ಸೀಮೆಯ ಮಾತಿನಲ್ಲಿ ಎಲ್ಲಿ ನೋಯುತ್ತದೆಂದು ಹೇಳುವಾಗ ಪಕ್ಕದಲ್ಲಿ ನಿಂತು ಬಿಡಿಸಿ ಹೇಳಲು ಆ ಊರಿನವರೇ ಒಬ್ಬರು ಬೇಕಾಗುತ್ತಾರೆ. ಆ ಒಬ್ಬರ ಹೆಸರನ್ನು ಅಲ್ಲಿಯ ಆಸ್ಪತ್ರೆಗಳು ಬರೆದಿಡುತ್ತವೆಯೋ ಇಲ್ಲವೋ, ಕೋಲಾರದ ಮಿಷನ್ ಆಸ್ಪತ್ರೆಯ ಚರಿತ್ರೆ ಬರೆಯುವವರು ಇಲ್ಲಿಯ ಮುನ್ಷಿಗಳ, ಬೈಬಲ್ ವುಮನ್‌ಗಳ, ಮೊದಲ ದಾದಿಯರ ಹೆಸರುಗಳನ್ನು ಚರ್ಚಿನ ದೀಕ್ಷೆ, ಮದುವೆ, ಮಣ್ಣಿನ ರಿಜಿಸ್ಟರುಗಳಲ್ಲಿ ಹುಡುಕಲು ಶುರುಮಾಡಬಹುದು.